ಮಿಣುಕಜ್ಜಿ ಹೇಳಿದ ಕೆಂಪು

ಆ ಬೀದಿಯಲ್ಲಿ ಯಾರ ಮನೆಗೆ ದಾರಿ ಕೇಳಿದರೂ ಜನ ಮಿಣುಕಜ್ಜಿಯ ಮನೆಯಿಂದಲೇ ಶುರುಮಾಡುತ್ತಿದ್ದರು. ಮಿಣುಕಜ್ಜಿ ಮನೆ ದಾಟಿ ಬಲಕ್ಕೆ ಹೋಗಿ, ಮಿಣುಕಜ್ಜಿ ಮನೆ ಬಂತು ಅಂದರೆ ನೀವು ಮುಂದೆ ಬಂದಿದ್ದೀರಿ, ವಾಪಸ್ ಹೋಗಿ. ಆ ಮನೆ ತಪ್ಪಿಹೋಗುವ ಹಾಗೇ ಇರಲಿಲ್ಲ. ಮಹಡಿಯ ಕಿಟಕಿಯಲ್ಲಿ ಹಾಡುಹಗಲಲ್ಲೂ ಕೆಂಪೋ ನೀಲಿಯೋ ಒಂದು ದೀಪ ಗರಗರ ತಿರುಗುತ್ತಿರುತ್ತಿತ್ತು. ಬೀದಿಗೆ ಹೊಸಬರಾದವರು ಗಾಬರಿಬಿದ್ದು, ಮನೆಯಲ್ಲಿ ಯಾರಿಗೇನಾಯಿತೋ ಎಂದು ಬಾಗಿಲು ತಟ್ಟಿದ್ದೂ ಉಂಟು. ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನೂ ಏನೂ ಆಗಿಲ್ಲ, ಆದಾಗ ಹೇಳಿ ಕಳಿಸ್ತೀನಿ" ಎನ್ನುತ್ತಿದ್ದಳು.

ಅವಳು ಕೂಡಿಡುತ್ತಿದ್ದದ್ದು ಆಂಬುಲೆನ್ಸ್, ಫೈರ್ ಎಂಜಿನ್, ಪೊಲೀಸ್ ಜೀಪುಗಳ ನೆತ್ತಿಯ ಮೇಲೆ ಕೂತು ದಾರಿ ಬಿಡಿಸುವ ತಿರುಗುದೀಪಗಳನ್ನು. ಹಳೆಯವೇ ಆಗಬೇಕು. ಕೆಳಗೆ ಭಾರದ ಲೋಹದ ತಳ, ಮೇಲೆ ಗಾಜಿನ ಬುರುಡೆ, ಒಳಗೊಂದು ಪುಟ್ಟ ಮೋಟರು, ಬಲ್ಬಿನ ಸುತ್ತ ಪ್ರದಕ್ಷಿಣೆ ಹಾಕುವ ಕನ್ನಡಿ. ಈಗಿನ ಗಾಡಿಗಳ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಅದೂ ಒಂದು ದೀಪಾನಾ? ಕಣ್ಣಿಗೆ ಧೂಳು ಬಿದ್ದೋರ ಹಾಗೆ ಪಿಳಿಪಿಳಿ ಅನ್ನತ್ತೆ" ಎಂದು ಮೂಗು ಮುರಿಯುತ್ತಿದ್ದಳು.

ಈ ಹುಚ್ಚು ಹಿಡಿದದ್ದು ಕೆಲಸದ ಜಾಗದಲ್ಲಿ. ನಗರಸಭೆಯ ವಾಹನ ಡಿಪೊದಲ್ಲಿ ಅವಳು ಸ್ಟೋರ್‌ಕೀಪರ್ ಆಗಿದ್ದಳು. ಒಂದು ಸ್ಕ್ರೂ ಬೇಕೆಂದರೂ ಡ್ರೈವರುಗಳು, ಮೆಕ್ಯಾನಿಕ್ಕುಗಳು ಅವಳ ಕಿಂಡಿಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಹಳೇ ಗಾಡಿ ಗುಜರಿಗೆ ಹೋಗುವಾಗ ಎಂಜಿನ್ನು, ಟಯರು, ಬ್ಯಾಟರಿ ಎಂದು ಎಲ್ಲರೂ ಹದ್ದುಗಳ ಹಾಗೆ ಎರಗುತ್ತಿದ್ದರು. ನೆತ್ತಿಯ ದೀಪ ಮಾತ್ರ ಯಾರಿಗೂ ಬೇಡ. ಅದನ್ನು ಅವಳು ಕೇಳಿ ಪಡೆದು, ಉಜ್ಜಿ, ವೈರು ಬದಲಿಸಿ ಮನೆಗೆ ತರುತ್ತಿದ್ದಳು. ಹಾಗೆ ತರುತ್ತಾ ತರುತ್ತಾ ನಿವೃತ್ತಿಯಾಗುವ ಹೊತ್ತಿಗೆ ಮಹಡಿಯ ಕೋಣೆ ಗೋಡೆಯಿಂದ ಗೋಡೆಗೆ ತುಂಬಿಹೋಗಿತ್ತು. ಗಂಡ ತೀರಿಕೊಂಡ ಮೇಲೆ ಅವನ ಬಟ್ಟೆಯ ಕಪಾಟಿಗೂ ದೀಪಗಳು ಕಾಲಿಟ್ಟವು. ಬದುಕಿದ್ದಾಗಲೂ ಅವನು ಈ ವಿಷಯದಲ್ಲಿ ಬಾಯಿ ಬಿಟ್ಟವನಲ್ಲ, ಪಾಪ.

ದೀಪದ ಗುರುತು ಹಿಡಿಯುವುದರಲ್ಲಿ ಅಜ್ಜಿಯದು ಎತ್ತಿದ ಕೈ. ತಳದ ಅಂಚನ್ನು ಬೆರಳಲ್ಲಿ ಸವರಿ, ಸ್ಕ್ರೂಗಳ ತಲೆ ಮುಟ್ಟಿ, ಮೋಟರು ಓಡಿಸಿ ಸದ್ದು ಕೇಳಿ, ಇದು ಇಂಥ ಗಾಡಿಯದು, ತಳ ಅಸಲಿ, ಗಾಜು ಆಮೇಲೆ ಹಾಕಿದ್ದು ಎಂದು ಹೇಳಿಬಿಡುತ್ತಿದ್ದಳು. ಊರಿನಲ್ಲಿ ಇದೇ ಹುಚ್ಚು ಹತ್ತಿದ ಇನ್ನೂ ಮೂವರಿದ್ದರು. ಡಿಪೊದ ಫೈರ್ ಎಂಜಿನ್ ಓಡಿಸಿ ನಿವೃತ್ತನಾದ ಫೈರಣ್ಣ, ಫೋಟೊ ಸ್ಟುಡಿಯೊ ಇಟ್ಟಿದ್ದ ಸ್ಟುಡಿಯೊದವರು, ಡ್ರೈವಿಂಗ್ ಶಾಲೆಯ ಮೇಷ್ಟ್ರು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿದವರೇ, ಯಾರಿಗಾದರೂ ಹೊಸದಾಗಿ ಸಿಕ್ಕ ದೀಪ ಹಿಡಿದು ಮೂವರೂ ಮಹಡಿ ಹತ್ತಿ ಬರುತ್ತಿದ್ದರು. ಆ ಕೋಣೆಯಲ್ಲಿ ಅಜ್ಜಿಯ ಮಾತು ಎಂದರೆ ಮಾತು.

ಹಾಗೆಂದು ಅಜ್ಜಿ ಗಂಭೀರ ಹೆಂಗಸು ಎಂದುಕೊಂಡೀರಿ. ಕಂಡವರ ಕಿವಿಯ ಮೇಲೆ ಹೂ ಇಡದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಡಿಪೊದ ಮ್ಯಾನೇಜರರ ಕುರ್ಚಿಯ ಕೆಳಗೆ ಪುಟ್ಟ ಸೈರನ್ನು ಕಟ್ಟಿ, ಆ ಮನುಷ್ಯ ಕೂತ ಕೂಡಲೇ ಇಡೀ ಕಚೇರಿ ಹೊರಗೋಡುವ ಹಾಗೆ ಮಾಡಿದ್ದವಳು ಅವಳೇ. ಕುಕ್ಕರಿನ ಸೀಟಿಯೊಂದನ್ನು ಪಾಲಿಶ್ ಮಾಡಿ, ಇದು ಬಲು ಅಪರೂಪದ ಸೈರನ್ನಿನ ಮೂತಿ ಎಂದು ಸ್ಟುಡಿಯೊದವರ ಕೈಗೆ ಕೊಟ್ಟಿದ್ದಳು. ಅವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಕೊನೆಗೊಂದು ದಿನ ಅವರ ಹೆಂಡತಿಯೇ ಗುರುತು ಹಿಡಿದು, ಪೆಟ್ಟಿಗೆ ತೆಗೆದು, ಸೀಟಿಯನ್ನು ಕುಕ್ಕರಿಗೆ ಹಾಕಿ ಕೂಗಿಸಿದರಂತೆ. ಸ್ಟುಡಿಯೊದವರು ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದು, ಮುಂದಿನ ಭಾನುವಾರ ಮತ್ತೆ ಹಾಜರ್.

ಇಂಥ ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ ಮಗ ಮಾತ್ರ ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ದಿನವಿಡೀ ಬೆಂಕಿ, ಕಳ್ಳತನ, ಜಾರಿಬಿದ್ದು ಮುರಿದ ಮೂಳೆಗಳ ಕಾಗದ ಓದಿ ಓದಿ, ಅವನ ಕಣ್ಣಿಗೆ ಮನೆಯ ಒಂದೊಂದು ಮೆಟ್ಟಿಲೂ ಒಂದೊಂದು ಕ್ಲೇಮಿನ ಹಾಗೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ವೈರಿಗೆ ಬೆಸುಗೆ ಹಾಕುತ್ತಾ, ಕಾದ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿನ ಮೇಲೆ ಇಡುವ ಬದಲು ಪಕ್ಕದ ಪರದೆಯ ಮೇಲೆ ಇಟ್ಟಳು. ಪರದೆಯಲ್ಲಿ ತೂತು ಬಿದ್ದು ಹೊಗೆ ಎದ್ದಿತು. ಸೊಸೆ ಓಡಿಬಂದು ನೀರು ಸುರಿದಳು. ಸಂಜೆ ಮಗ ಬಂದು ತೂತಿನೊಳಗೆ ಬೆರಳು ತೂರಿಸಿ ನೋಡಿದ.

"ಅಮ್ಮಾ, ನಿನಗೆ ಕಣ್ಣು ಕಾಣ್ತಿದೆ ತಾನೆ?"

"ನಿನ್ನ ತಲೇಲಿ ಕೂದಲು ಉದುರ್ತಿರೋದೂ ಕಾಣತ್ತೆ" ಎಂದಳು ಅಜ್ಜಿ. ಅದು ಕಂಡು ಹೇಳಿದ್ದಲ್ಲ, ಸೊಸೆ ಹೇಳಿದ್ದು ಕೇಳಿ ಗೊತ್ತಿದ್ದದ್ದು.

"ತಮಾಷೆ ಬೇಡ. ಇನ್ನೊಂದು ಸಲ ಹೀಗಾಯ್ತು ಅಂದ್ರೆ, ನಿನ್ನ ಕಣ್ಣು ಮಂಜಾಗಿದೆ ಅಂತ ನನಗೆ ಗೊತ್ತಾಯ್ತು ಅಂದ್ರೆ, ಮಹಡಿ ರೂಮು ಬಂದ್. ಆ ಸಾಮಾನೆಲ್ಲ ಗುಜರಿಯವನಿಗೆ. ಮಗ ಹೇಳಲಿಲ್ಲ ಅನ್ಬೇಡ."

ಅಜ್ಜಿಗೆ ಗೊತ್ತಿತ್ತು, ಮಗ ಆಡಿದರೆ ಮಾಡುವವನು, ಅಪ್ಪನ ಹಾಗಲ್ಲ. ಆ ಕೋಣೆ ಹೋಯಿತೆಂದರೆ ಅವಳು ಬೆಳಿಗ್ಗೆ ಯಾಕೆ ಏಳಬೇಕು? ಭಾನುವಾರ ಯಾರು ಬರುತ್ತಾರೆ? ಕೆಳಗಿನ ಹಜಾರದಲ್ಲಿ ಟೀವಿಯ ಮುಂದೆ ಕೂರಿಸಿ, ಕಾಲಕ್ಕೆ ಸರಿಯಾಗಿ ಮಾತ್ರೆ ಕೊಟ್ಟು, ಎದ್ದರೆ ಕೂತ್ಕೋ ಎನ್ನುತ್ತಾರೆ. ಅದಕ್ಕಿಂತ ತನ್ನನ್ನೇ ಗುಜರಿಗೆ ಹಾಕಲಿ ಎಂದು ಅವಳಿಗೆ ನಿಜಕ್ಕೂ ಅನ್ನಿಸಿತು.

ಯಾಕೆಂದರೆ ಮಗನ ಅನುಮಾನ ಸುಳ್ಳಾಗಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರು ಆಕಾರವಾಗಿ ಕಾಣುತ್ತಿದ್ದರು, ಮುಖವಾಗಿ ಅಲ್ಲ. ಬಣ್ಣಗಳಂತೂ ಒಂದಕ್ಕೊಂದು ಕಲಸಿಕೊಂಡು, ಲೋಕವೆಲ್ಲ ಆರಿಹೋದ ಟೀ ಬಣ್ಣಕ್ಕೆ ತಿರುಗಿತ್ತು. ದೀಪ ಹಚ್ಚಿದರೆ ಕೆಂಪೂ ಇಲ್ಲ, ನೀಲಿಯೂ ಇಲ್ಲ, ಕಣ್ಣಿನ ತುಂಬ ಬಿಳಿ ಹೊಗೆ. ಆಪರೇಷನ್ ಮಾಡಿಸಿಕೊಂಡರೆ ಸರಿಹೋಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಕಣ್ಣಿಗೆ ಕತ್ತಿ ತಾಗಿಸುವ ಯೋಚನೆ ಬಂದರೆ ಸಾಕು, ಎದ್ದು ಹೋಗಿ ಯಾವುದಾದರೊಂದು ದೀಪ ಉಜ್ಜಲು ಕೂರುತ್ತಿದ್ದಳು. ಕುರ್ಚಿಯ ಕೆಳಗೆ ಸೈರನ್ನು ಕಟ್ಟುವಾಗ ಇದ್ದ ಧೈರ್ಯ ಇಲ್ಲಿ ಬರಲೇ ಇಲ್ಲ.

ಹಾಗಾಗಿ ಅವಳು ಧೈರ್ಯದ ಬದಲು ಬುದ್ಧಿ ಖರ್ಚು ಮಾಡಿದಳು. ಮುಂದಿನ ಭಾನುವಾರ ಮೂವರೂ ಬಂದು ಕೂತಾಗ ಮೇಜಿನ ಮೇಲಿನ ದೀಪಕ್ಕೆ ಒಂದು ಟವೆಲ್ ಹೊದಿಸಿ ಘೋಷಿಸಿದಳು. "ಇನ್ಮೇಲೆ ನೋಡಿ ಗುರುತು ಹಿಡಿಯೋದು ಇಲ್ಲ. ನೋಡಿ ಯಾರು ಬೇಕಾದ್ರೂ ಹೇಳ್ತಾರೆ. ಟವೆಲ್ ಒಳಗೆ ಕೈ ಹಾಕಿ, ಮುಟ್ಟಿ, ಸದ್ದು ಕೇಳಿ ಹೇಳ್ಬೇಕು. ಎಲ್ಲಾ ಹೇಳಿ ಆದ್ಮೇಲೆ ಟವೆಲ್ ತೆಗೆಯೋದು."

ಮೂವರೂ ಮೂಗಿನ ಮೇಲೆ ಬೆರಳಿಟ್ಟರು. ಆಹಾ, ಇದಪ್ಪಾ ವಿದ್ಯೆ ಎಂದರೆ ಎಂದು ಮೇಷ್ಟ್ರು ತಲೆದೂಗಿದರು. ತಮ್ಮ ಮನೆಗಳಲ್ಲೂ ಟವೆಲ್ ಹೊದಿಸಿ ಅಭ್ಯಾಸ ಮಾಡತೊಡಗಿದರು. ಮೇಷ್ಟ್ರ ಹೆಂಡತಿ, ಮುಖ ಒರೆಸಿಕೊಳ್ಳಲು ಮನೆಯಲ್ಲಿ ಒಂದು ಬಟ್ಟೆ ಉಳಿದಿಲ್ಲ ಎಂದು ಸೊಸೆಯ ಹತ್ತಿರ ದೂರು ಹೇಳಿದರಂತೆ.

ಇನ್ನು ಉಳಿದದ್ದು ಬಣ್ಣ. ಬೆರಳಿಗೆ ಬಣ್ಣ ತಿಳಿಯುವುದಿಲ್ಲವಲ್ಲ. ಅದಕ್ಕೂ ಅಜ್ಜಿ ಒಂದು ದಾರಿ ಕಂಡುಕೊಂಡಳು. ಭಾನುವಾರದ ದೀಪ ಶನಿವಾರವೇ ತನ್ನ ಮನೆಗೆ ಬರಬೇಕು, ಒಂದು ದಿನ ಮನೆಯ ಗಾಳಿ ಕುಡಿಯಬೇಕು ಎಂದು ಇನ್ನೊಂದು ನಿಯಮ ಹೊರಡಿಸಿದಳು. ದೀಪ ತಂದವರು ಕೆಳಗೆ ಸೊಸೆಯ ಕೈಗೆ ಕೊಟ್ಟು ಹೋಗುತ್ತಿದ್ದರು. ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಶನಿವಾರ ಮಧ್ಯಾಹ್ನವೇ ಮನೆಗೆ ಬರುತ್ತಿದ್ದಳು. ಅವಳು ದೀಪ ಹೊತ್ತು ಮೇಲೆ ಬಂದಾಗ ಅಜ್ಜಿ ಬೇರೆಲ್ಲೋ ನೋಡುತ್ತಾ ಕೇಳುತ್ತಿದ್ದಳು.

"ಅಲ್ಲ ಕಣೆ, ಈ ಗಾಜಿನ ಬಣ್ಣದ್ದೇ ಒಂದು ಕೈಚೀಲ ತಗೊಂಡ್ರೆ ನಿನಗೆ ಒಪ್ಪುತ್ತಾ?"

"ಅಯ್ಯೋ, ಕೆಂಪು ಚೀಲ ಯಾರು ಹಿಡ್ಕೋತಾರೆ ಅತ್ತೆ" ಎನ್ನುತ್ತಿದ್ದಳು ಸೊಸೆ. ಅಜ್ಜಿಗೆ ಅಷ್ಟು ಸಾಕು. ಒಂದು ಶನಿವಾರ ಕೈಚೀಲ, ಇನ್ನೊಂದು ಶನಿವಾರ ಗೋಡೆಯ ಬಣ್ಣ, ಮತ್ತೊಂದು ಶನಿವಾರ ಸೋಫಾದ ಹೊದಿಕೆ. ಯಾವ ಬಣ್ಣ ಹೇಳಿದರೂ ಒಂದನ್ನೂ ಕೊಂಡವಳಲ್ಲ.

ಆದರೆ ಈ ಸೊಸೆ ಇದ್ದಾಳಲ್ಲ, ಅವಳೂ ಏನು ಕಡಿಮೆಯವಳಲ್ಲ. ಒಂದು ಬೆಳಿಗ್ಗೆ ಊಟದ ಮೇಜಿನ ಮೇಲೆ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಅಜ್ಜಿ ಅದನ್ನು ಚೆಲ್ಲಿದ ಹಾಲೆಂದುಕೊಂಡು ಬಟ್ಟೆ ತೆಗೆದುಕೊಂಡು ಉಜ್ಜಿದಳು. ಉಜ್ಜಿದರೂ ಹೋಗದ್ದನ್ನು ಕಂಡು ಇನ್ನಷ್ಟು ನೀರು ಹಾಕಿ ಉಜ್ಜಿದಳು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಗಂಡನಿಗೆ ಹೇಳಿದರೆ ಮರುದಿನವೇ ಗುಜರಿಯವನ ಗಾಡಿ ಬಾಗಿಲಿಗೆ ಬರುತ್ತದೆ. ಅತ್ತೆಯನ್ನೇ ಕೇಳಿದರೆ ಅತ್ತೆ ಕಾಗೆ ಹಾರಿಸುತ್ತಾರೆ. ಹೇಗಾದರೂ ಮಾಡಿ ಅತ್ತೆಯ ಬಾಯಿಂದಲೇ ನಿಜ ಹೊರಡಿಸಿ, ಆಸ್ಪತ್ರೆಗೆ ಒಪ್ಪಿಸಬೇಕು ಎಂದು ಅವಳು ಮನಸ್ಸಿನಲ್ಲೇ ಹಳ್ಳ ತೋಡಿದಳು.

ಆ ಶನಿವಾರ ಬಂದದ್ದು ಸ್ಟುಡಿಯೊದವರ ದೀಪ. ಯಾವುದೋ ಗುಜರಿ ಅಂಗಡಿಯ ಮೂಲೆಯಲ್ಲಿ ಸಿಕ್ಕಿದ್ದಂತೆ. ಅಜ್ಜಿ ತಳ ಸವರಿದ ಕೂಡಲೇ ಗುರುತು ಹಿಡಿದಳು. ಒಂದು ಕಾಲದಲ್ಲಿ ಡಿಪೊದ ಫೈರ್ ಎಂಜಿನ್‌ಗೂ ಆಸ್ಪತ್ರೆಯ ಆಂಬುಲೆನ್ಸಿಗೂ ಒಂದೇ ಕಾರ್ಖಾನೆಯ ದೀಪ ಬರುತ್ತಿತ್ತು. ತಳ ಒಂದೇ, ಮೋಟರು ಒಂದೇ, ಸದ್ದೂ ಒಂದೇ. ಬೇರೆಯಾಗಿದ್ದದ್ದು ಗಾಜು ಮಾತ್ರ. ಫೈರ್ ಎಂಜಿನ್‌ಗೆ ಕೆಂಪು, ಆಂಬುಲೆನ್ಸಿಗೆ ನೀಲಿ. ಹಾಗಾಗಿ ಇದನ್ನು ಕಣ್ಣೇ ತೀರ್ಮಾನ ಮಾಡಬೇಕಿತ್ತು.

"ಲೇ, ಸ್ನಾನದ ಮನೆಗೆ ಈ ಬಣ್ಣದ ಬಕೆಟ್ ತಂದ್ರೆ ಹೇಗಿರತ್ತೆ?" ಎಂದು ಕೇಳಿದಳು ಅಜ್ಜಿ.

ಸೊಸೆ ಕೈಯಲ್ಲಿದ್ದ ನೀಲಿ ಗಾಜನ್ನು ನೋಡಿದಳು. ನವಿಲಿನ ಕತ್ತಿನಂಥ ನೀಲಿ, ಹಸುಗೂಸು ಕೂಡ ತಪ್ಪು ಹೇಳದಂಥ ನೀಲಿ.

"ಕೆಂಪು ಬಕೆಟ್ಟು ಚೆನ್ನಾಗೇ ಇರತ್ತೆ ಅತ್ತೆ" ಎಂದಳು, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ.

ಭಾನುವಾರ ಬಂತು. ದೀಪ ತಂದ ಸ್ಟುಡಿಯೊದವರು ಆಟದ ಹೊರಗೆ; ಮಿಕ್ಕಿಬ್ಬರೂ ಟವೆಲ್ಲಿನೊಳಗೆ ಕೈ ಹಾಕಿದರು, ಮೋಟರಿನ ಸದ್ದಿಗೆ ಕಿವಿ ಕೊಟ್ಟರು. ಫೈರ್ ಎಂಜಿನ್ ಇರಬಹುದು, ಆಂಬುಲೆನ್ಸೂ ಇರಬಹುದು ಎಂದು ಇಬ್ಬರೂ ಎರಡೂ ಕಡೆ ಕಾಲಿಟ್ಟು ಕೂತರು. ಸೊಸೆ ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಅಜ್ಜಿ ಟವೆಲ್ಲಿನೊಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡಳು.

"ಫೈರ್ ಎಂಜಿನ್. ಮೊದಲನೇ ಕಂತಿನಲ್ಲಿ, ಫೈರಣ್ಣನ ಗಾಡಿ ದೀಪದ ಜೊತೆಗೇ ಬಂದದ್ದು. ಗಾಜು ಅಸಲಿ ಕೆಂಪು" ಎಂದು ಟವೆಲ್ ಎಳೆದಳು.

ಮೇಜಿನ ಮೇಲೆ ನೀಲಿ ದೀಪ ಗರಗರ ತಿರುಗಿತು. ಮೂವರ ಮುಖದ ಮೇಲೂ, ಟೀ ತಟ್ಟೆಯ ಮೇಲೂ ನೀಲಿ ಬೆಳಕು ಸವರಿಕೊಂಡು ಹೋಯಿತು. ಕೋಣೆಯಲ್ಲಿ ಉಸಿರಿನ ಸದ್ದಿಲ್ಲ. ಆ ಮೌನವನ್ನು ಅಜ್ಜಿ ಭಕ್ತಿ ಎಂದುಕೊಂಡು ಗದ್ದ ಎತ್ತಿ ಕೂತಳು. ಸೊಸೆ, ಈಗ ಯಾರಾದರೂ ಬಾಯಿ ಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ಕಾದಳು.

ಮೊದಲು ಬಾಯಿ ಬಿಟ್ಟವರು ಮೇಷ್ಟ್ರು. "ಹೌದು ಹೌದು. ಕೆಂಪೇ. ಹಳೇ ಕಾಲದ ಕೆಂಪು" ಎಂದರು ನಿಧಾನಕ್ಕೆ.

"ಬಿಸಿಲು ತಿಂದಿದೆ ನೋಡಿ. ನಮ್ಮ ಹಳೇ ಫೋಟೊಗಳಲ್ಲೂ ಹೀಗೇನೆ. ಮೊದಲು ಕೆಂಪು ಕೈಕೊಡತ್ತೆ, ಆಮೇಲೆ ಎಲ್ಲಾ ನೀಲಿಗೆ ತಿರುಗತ್ತೆ" ಎಂದರು ಸ್ಟುಡಿಯೊದವರು. ಹೇಳುತ್ತಾ ಹೇಳುತ್ತಾ ಅವರಿಗೇ ತಮ್ಮ ಮಾತಿನ ಮೇಲೆ ನಂಬಿಕೆ ಬಂದುಬಿಟ್ಟಿತು.

"ಅಸಲಿ ಕೆಂಪಿಗೆ ಇದೇ ಗುರುತು ಅನ್ನಿ. ತಿರುಗದೆ ಉಳಿದಿದ್ರೆ ಅದು ಅಸಲಿಯಲ್ಲ" ಎಂದು ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋದರು.

ಸೊಸೆಗೆ ಟೀ ತಟ್ಟೆ ಕೈಜಾರುವುದೊಂದು ಬಾಕಿ. ತಾನು ತೋಡಿದ ಹಳ್ಳಕ್ಕೆ ಬೇರೆಯವರೇ ಬಂದು ಸಾಲಾಗಿ ಬೀಳುತ್ತಿದ್ದರು, ಬಿದ್ದದ್ದಲ್ಲದೆ ಒಳಗೆ ಚಾಪೆ ಹಾಸಿ ಕೂತಿದ್ದರು. ಅಜ್ಜಿಯ ಕಿವಿಗೆ ಮಾತ್ರ 'ನೀಲಿ' ಎಂಬ ಮಾತು ಬಿದ್ದಾಗಲೇ ವಿಷಯ ಹೊಳೆದುಹೋಯಿತು. ಓಹೋ, ಬಕೆಟ್ಟಿನವಳು ನನಗೇ ಟೋಪಿ ಹಾಕಿದ್ದಾಳೆ. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಮೆಚ್ಚುಗೆಯೂ ಬಂತು. ಇಷ್ಟು ವರ್ಷ ಈ ಹುಡುಗಿಯನ್ನು ಬರೀ ಮಾತ್ರೆ ಎಣಿಸುವವಳು ಎಂದುಕೊಂಡಿದ್ದೆನಲ್ಲ ಎಂದುಕೊಂಡಳು. ಹೇಗೂ ಮೂವರೂ ತನ್ನ ಮಾತನ್ನು ನುಂಗಿಯಾಗಿದೆ, ಸುಮ್ಮನಿದ್ದರೆ ಕೋಣೆ ಉಳಿಯುತ್ತದೆ. ಅಜ್ಜಿ ಟೀಗೆ ಕೈ ಚಾಚಿದಳು, ಸೊಸೆ ಒಳಗೆ ಬಂದು ಲೋಟ ಕೈಗಿಟ್ಟಳು.

ಆಗ ಫೈರಣ್ಣ ಮಾತಾಡಿದ.

"ಹಾಗಾದ್ರೆ ನನ್ನ ಹತ್ರ ಇರೋದು ಡೂಪ್ಲಿಕೇಟು ಅಕ್ಕ."

ಫೈರಣ್ಣನಿಗೆ ಇದ್ದದ್ದು ಒಂದೇ ದೀಪ. ಅವನು ಓಡಿಸುತ್ತಿದ್ದ ಫೈರ್ ಎಂಜಿನ್ನಿನದು. ಗಾಡಿ ಗುಜರಿಗೆ ಹೋದಾಗ ಅಜ್ಜಿಯೇ ತನ್ನ ಕೈಯಾರೆ ಬಿಚ್ಚಿ, ಒರೆಸಿ, ಅವನಿಗೆ ಕೊಟ್ಟಿದ್ದಳು. ಅವನು ಅದನ್ನು ಹಾಸಿಗೆಯ ಪಕ್ಕದ ಕಪಾಟಿನ ಮೇಲೆ ಇಟ್ಟುಕೊಂಡಿದ್ದ. ಬೇರೆ ದೀಪ ಸೇರಿಸಲು ಅವನಿಗೆ ಆಸೆಯೇ ಇರಲಿಲ್ಲ. ಭಾನುವಾರ ಬರುತ್ತಿದ್ದದ್ದು ಆ ಒಂದು ದೀಪದ ಮಾತು ಮತ್ತೆ ಮತ್ತೆ ಆಡುವುದಕ್ಕೆ.

"ನಂದು ಇನ್ನೂ ಕೆಂಪಗೇ ಇದೆ" ಎಂದ ಫೈರಣ್ಣ. "ಅಸಲಿಯಾಗಿದ್ರೆ ಇಷ್ಟೊತ್ತಿಗೆ ತಿರುಗ್ಬೇಕಿತ್ತಲ್ಲ. ನಾನು ರಜೆಯಲ್ಲಿದ್ದಾಗ ಯಾರೋ ಗಾಜು ಬದಲಾಯಿಸಿದಾರೆ. ಇಷ್ಟು ವರ್ಷ ಬೇರೆ ಯಾವುದನ್ನೋ ತಲೆ ಹತ್ರ ಇಟ್ಕೊಂಡು ಮಲಗ್ತಿದ್ದೆ. ಇರಲಿ ಬಿಡಿ. ನಾಳೆ ಗುಜರಿಗೆ ಕೊಟ್ಬಿಡ್ತೀನಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ. ಒಬ್ಬ ಮನುಷ್ಯನ ಬಳಿ ಇದ್ದ ಒಂದೇ ಒಂದು ನಿಜವಾದ ದೀಪವನ್ನು ತಾನು ಕೂತಲ್ಲೇ ಸುಳ್ಳು ಮಾಡಿದ್ದಳು.

ಮೊದಲು ನುಣುಚಿಕೊಳ್ಳಲು ನೋಡಿದಳು. "ತಿರುಗದೆ ಇರೋ ಕೆಂಪೂ ಇರತ್ತೆ ಕಣಪ್ಪ. ನೆರಳಲ್ಲಿ ನಿಲ್ಲಿಸಿದ ಗಾಡಿ ಆದ್ರೆ."

"ನನ್ನ ಗಾಡಿ ಬಿಸಿಲಲ್ಲೇ ನಿಲ್ತಿತ್ತು ಅಕ್ಕ. ಶೆಡ್ ಕಟ್ಟಿದ್ದು ಆಮೇಲೆ."

"ಗಾಜಲ್ಲೂ ಎರಡು ತರ ಬರ್ತಿತ್ತು."

"ಒಂದೇ ಕಂತಿನದು ಅಂತ ಈಗ ತಾನೆ ನೀವೇ ಅಂದ್ರಲ್ಲ ಅಜ್ಜಿ" ಎಂದರು ಮೇಷ್ಟ್ರು. ಮೇಷ್ಟ್ರಿಗೆ ಇಂಥ ಹೊತ್ತಿನಲ್ಲೇ ನೆನಪಿನ ಶಕ್ತಿ ಚುರುಕಾಗುತ್ತಿತ್ತು.

ಅಜ್ಜಿ ಟೀ ಲೋಟ ಕೆಳಗಿಟ್ಟಳು. ಕೋಣೆಯ ಸುತ್ತ ಕಣ್ಣಾಡಿಸಿದಳು. ಅಲ್ಲಿ ಅವಳ ದೀಪಗಳೆಲ್ಲ ಮಬ್ಬು ಮಬ್ಬಾಗಿ ಸಾಲುಗಟ್ಟಿ ಕೂತಿದ್ದವು.

"ಆ ದೀಪ ಕೆಂಪಲ್ಲ, ನೀಲಿ. ಆಂಬುಲೆನ್ಸಿಂದು" ಎಂದಳು. "ನನಗೆ ಕಣ್ಣು ಕಾಣಲ್ಲ. ಬಣ್ಣ ಕಾಣದೆ ತುಂಬ ದಿನ ಆಯ್ತು. ಫೈರಣ್ಣಾ, ನಿನ್ನ ದೀಪ ಅಸಲಿ. ನಾನೇ ಕೊಟ್ಟಿದ್ದಲ್ವಾ?"

ಒಂದು ಕ್ಷಣ ಮೂವರೂ ಕಕ್ಕಾಬಿಕ್ಕಿಯಾದರು. ಆಮೇಲೆ ಸ್ಟುಡಿಯೊದವರು ತೊಡೆ ತಟ್ಟಿಕೊಂಡು ನಗತೊಡಗಿದರು. ಅವರ ಹಿಂದೆ ಮೇಷ್ಟ್ರೂ ನಕ್ಕರು.

"ಕುಕ್ಕರ್ ಸೀಟಿ ಆದ್ಮೇಲೆ ಇದೊಂದು ಬಾಕಿ ಇತ್ತು ನೋಡಿ. ಈ ಸಲ ನಾನು ಬೀಳಲ್ಲ ಅಜ್ಜಿ" ಎಂದರು ಸ್ಟುಡಿಯೊದವರು.

"ತಮಾಷೆ ಅಲ್ಲ ಕಣ್ರೋ. ನಿಜವಾಗ್ಲೂ ಕಾಣಲ್ಲ."

"ಸರಿ, ಇದೆಷ್ಟು ಹೇಳಿ?" ಎಂದು ಮೇಷ್ಟ್ರು ಬೆರಳು ಎತ್ತಿ ಹಿಡಿದರು.

ಅಜ್ಜಿಗೆ ಅವರ ಕೈಯೇ ಒಂದು ಮೋಡದ ಹಾಗೆ ಕಾಣುತ್ತಿತ್ತು. ಬಾಯಿಗೆ ಬಂದದ್ದು ಹೇಳಿದಳು. "ಮೂರು."

ಹಾಳಾದ್ದು, ಮೂರೇ ಆಗಿತ್ತು. ಕೋಣೆ ನಗುವಿನಲ್ಲಿ ಹಾರಿಹೋಯಿತು. ಜನ್ಮವಿಡೀ ರೈಲು ಬಿಟ್ಟ ಬಾಯಿಂದ ಒಂದು ನಿಜ ಹೊರಟರೆ ಅದಕ್ಕೆ ಟಿಕೆಟ್ಟು ಕೊಳ್ಳುವವರು ಯಾರೂ ಇಲ್ಲ. ಅಜ್ಜಿಗೆ ಅಳು ಬಂತು. ಅಳು ಬಂದದ್ದನ್ನು ನೋಡಿ ಸ್ಟುಡಿಯೊದವರು, "ಇದಂತೂ ಇನ್ನೂ ಚೆನ್ನಾಗಿದೆ" ಎಂದರು.

ಸೊಸೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಸಾಕು ನಿಲ್ಲಿಸಿ. ಅತ್ತೆ ನಿಜ ಹೇಳ್ತಿದ್ದಾರೆ. ಕೆಂಪು ಅಂತ ನಾನು ಹೇಳಿದ್ದು, ಬೇಕು ಅಂತಲೇ ಸುಳ್ಳು ಹೇಳಿದೆ. ನಿಮ್ಮ ಮೂರು ಜನಕ್ಕೆ ಕಣ್ಣಿತ್ತಲ್ಲ, ನಿಮಗೇನಾಗಿತ್ತು?"

ನಗು ಪಟ್ಟನೆ ನಿಂತಿತು. ಮೇಷ್ಟ್ರು ಎತ್ತಿದ ಬೆರಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡರು. ಫೈರಣ್ಣ ಎದ್ದು ಬಂದು ಅಜ್ಜಿಯ ಪಕ್ಕದ ಸ್ಟೂಲಿನ ಮೇಲೆ ಕೂತ.

"ನನಗೆ ನೀಲಿ ಅಂತಲೇ ಕಂಡಿತ್ತು ಅಕ್ಕ" ಎಂದ.

"ಮತ್ತೆ ಹೇಳ್ಬಾರ್ದಿತ್ತಾ ಮಾರಾಯ?"

"ನೀವು ಕೆಂಪು ಅಂದ್ರಲ್ಲ. ನನ್ನ ಕಣ್ಣೇ ಕೆಟ್ಟಿರ್ಬೇಕು ಅನ್ಕೊಂಡೆ."

ಅಜ್ಜಿ ಅವನ ಕೈ ಹುಡುಕಿ ಹಿಡಿದುಕೊಂಡಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತನ್ನ ಬಾಯಿಯ ಬಗ್ಗೆ ಭಯವಾಯಿತು.

ನಗು ಇದ್ದಕ್ಕಿದ್ದಂತೆ ನಿಂತದ್ದನ್ನು ಕೇಳಿ ಕೆಳಗಿದ್ದ ಮಗನಿಗೆ ಏನೋ ಅವಘಡ ಅನ್ನಿಸಿರಬೇಕು. ಅವನಿಗೆ ಅನ್ನಿಸುತ್ತಿದ್ದದ್ದೇ ಅದು. ದಡದಡನೆ ಮೆಟ್ಟಿಲು ಹತ್ತಿ ಬಂದು, ಬಾಗಿಲ ಹತ್ತಿರ ಎಡಗಡೆ ಗೋಡೆಗೆ ಒರಗಿ ನಿಂತ. ಸೊಸೆ ಅವನಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಆದರೆ ಅಜ್ಜಿಗೆ ಹೆಜ್ಜೆಯ ಸದ್ದು ಕೇಳಿಯಾಗಿತ್ತು.

"ಬಂದ್ಯಾ? ಬಾ. ನಿನಗೇ ಹೇಳ್ಬೇಕಿತ್ತು" ಎಂದು ಅವಳು ಎದ್ದು ನಿಂತಳು. ಕತ್ತಿನ ದಾರಕ್ಕೆ ಕಟ್ಟಿದ್ದ ಕೋಣೆಯ ಕೀಲಿಕೈಯನ್ನು ತೆಗೆದಳು. ಬಾಗಿಲ ಬಲಗಡೆ ಗೂಟಕ್ಕೆ ಮಗನ ರೈನ್‌ಕೋಟು ನೇತುಹಾಕಿತ್ತು, ಉದ್ದಕ್ಕೆ, ಭುಜ ಅಗಲಿಸಿಕೊಂಡು. ಅಜ್ಜಿ ನೆಟ್ಟಗೆ ಅದರ ಮುಂದೆ ಹೋಗಿ ನಿಂತಳು.

"ತಗೋ ಮಗಾ. ನೀನು ಹೇಳಿದ್ದೇ ಸರಿ. ನನಗೆ ಕಣ್ಣು ಕಾಣಲ್ಲ. ಪರದೆ ಸುಟ್ಟಾಗಲೇ ಕಾಣ್ತಿರ್ಲಿಲ್ಲ. ಕೋಣೆ ಹೋಗತ್ತೆ ಅಂತ ಹೆದರಿ ನಿನ್ನ ಹತ್ರ ಮುಚ್ಚಿಟ್ಟೆ. ಆಪರೇಷನ್ ಅಂದ್ರೂ ಹೆದರಿಕೆ, ಅದನ್ನೂ ಹೇಳ್ಬಿಡ್ತೀನಿ. ಮಾತು ಅಂದ್ರೆ ಮಾತು, ಬಾಗಿಲು ಹಾಕ್ಕೋ. ಗುಜರಿಯವನಿಗೆ ಕೊಡೋ ಮುಂಚೆ ಇವರು ಮೂರು ಜನಕ್ಕೆ ಬೇಕಾದ್ದು ಆರಿಸ್ಕೊಳ್ಳೋಕೆ ಬಿಡು. ಅಷ್ಟು ಮಾಡು."

ರೈನ್‌ಕೋಟಿಗೆ ಕೀಲಿಕೈ ಚಾಚಿಕೊಂಡು ಅವಳು ಕಾದಳು. ಮಗ ಅವಳ ಕೈಯನ್ನೇ ನೋಡುತ್ತಾ ನಿಂತಿದ್ದ. ಅಮ್ಮನಿಗೆ ಕಣ್ಣು ಸ್ವಲ್ಪ ಮಂಜು ಎಂದುಕೊಂಡಿದ್ದನೇ ಹೊರತು, ನಾಲ್ಕು ಹೆಜ್ಜೆ ದೂರದಲ್ಲಿ ನಿಂತ ತಾನೇ ಅವಳಿಗೆ ಕಾಣುವುದಿಲ್ಲ ಎಂದು ಅವನಿಗೆ ಹೊಳೆದಿರಲಿಲ್ಲ. ಇಷ್ಟು ದಿನ ಅವಳನ್ನು ಹೆದರಿಸಿದ್ದನೇ ಹೊರತು ಒಂದು ಸಲವಾದರೂ ಹತ್ತಿರ ಕೂತು ಕೇಳಿರಲಿಲ್ಲ. ಅವನು ಚಪ್ಪಲಿ ಕಳಚಿ, ತುದಿಗಾಲಲ್ಲಿ ಬಾಗಿಲು ದಾಟಿ, ರೈನ್‌ಕೋಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅವಳ ಕೈ ಇದ್ದಲ್ಲಿಗೆ ಬಂದು ನಿಂತ. ಆಮೇಲೆ ಕೀಲಿಕೈಗೆ ಕೈಯೊಡ್ಡಿದ.

"ಸದ್ದಾಗದ ಹಾಗೆ ಜಾಗ ಬದಲಾಯಿಸಿದೆ ಅನ್ಕೊಂಡ್ಯಾ?" ಎಂದಳು ಅಜ್ಜಿ. "ನಿನ್ನ ಮಂಡಿ ಲಟಕ್ ಅಂತು. ಹಾಗಾದ್ರೆ ಇಷ್ಟೊತ್ತೂ ನಾನು ಯಾರ ಹತ್ರ ಮಾತಾಡ್ತಿದ್ದೆ?"

"ನನ್ನ ರೈನ್‌ಕೋಟ್ ಹತ್ರ ಅಮ್ಮ" ಎಂದ ಮಗ.

"ಅದಕ್ಕೇ ಮತ್ತೆ, ಎದುರು ಮಾತಾಡದೆ ಕೇಳಿಸ್ಕೊಳ್ತು" ಎಂದಳು ಅಜ್ಜಿ.

ಮಗ ಕೀಲಿಕೈಯನ್ನು ಅವಳ ಅಂಗೈಯೊಳಗೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ನಾಳೆ ನಾನು ರಜ ಹಾಕ್ತೀನಿ" ಎಂದ ಕೊನೆಗೆ. "ಆಸ್ಪತ್ರೆಗೆ ಇಬ್ಬರೂ ಹೋಗೋಣ. ನನಗೂ ಹೆದರಿಕೆ ಆಗತ್ತೆ."